ನಗರೋತ್ಥಾನದ ಹಣ: ನಮ್ಮ ಪುರಸಭೆಯ ಸಮಾಲೋಚನಾ ಸಭೆ ಹೇಗಿತ್ತು?

ಪಟ್ಟಣಗಳ ಅಭಿವೃದ್ಧಿಗಾಗಿ ರಾಜ್ಯ ಸರ್ಕಾರ ರೂಪಿಸಿದ ಅಮೃತ ನಗರೋತ್ಥಾನ ಯೋಜನೆಯ ನಾಲ್ಕನೇ ಹಂತದ ಅನುದಾನವನ್ನು ಯಾವ ಕಾಮಗಾರಿಗಳಿಗೆ ವಿನಿಯೋಗಿಸಬೇಕೆಂದು ಕೇಳಲು ನಮ್ಮ ಊರಿನ ಪುರಸಭೆ ಕರೆದಿದ್ದ ಸಭೆಗೆ ನಾನು ಹೋಗಿದ್ದೆ. ನಾಗರಿಕರಿಗೆ ಸಲ್ಲಬೇಕಾದ ಒಂದು ಸೇವೆಯೆಂದೇ ಅದನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ.

ಮೆಚ್ಚಬೇಕಾದದ್ದನ್ನು ಮೊದಲು ಹೇಳುತ್ತೇನೆ. ಕಿರಿಯ ಎಂಜಿನಿಯರರು ಗೋಡೆಗೆ ಊರಿನ ನಕ್ಷೆ ಅಂಟಿಸಿ, ಮಳೆಗಾಲದಲ್ಲಿ ನೀರು ನಿಲ್ಲುವ ಜಾಗಗಳನ್ನು ಕೆಂಪು ಪೆನ್ಸಿಲಿನಲ್ಲಿ ಗುರುತಿಸಿದ್ದರು. ಸಂತೆ ಮೈದಾನದಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರು ಎದ್ದು ನಿಂತು, "ಆ ಗೆರೆ ಇನ್ನೂ ಎರಡು ಮಾರು ಈಚೆಗೆ ಬರಬೇಕು ಸ್ವಾಮಿ, ನನ್ನ ಬುಟ್ಟಿ ನೆನೆಯೋದು ಅಲ್ಲೇ" ಎಂದಾಗ ಅವರು ಮರುಮಾತಿಲ್ಲದೆ ಗೆರೆಯನ್ನು ತಿದ್ದಿದರು. ಆ ಒಂದು ಕ್ಷಣಕ್ಕಾಗಿಯೇ ಇಂತಹ ಸಭೆಗಳು ನಡೆಯಬೇಕು ಎಂದು ನನಗೆ ಅನ್ನಿಸಿತು. ಅನುದಾನದಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು ಎಂಬುದನ್ನೂ ಸ್ಪಷ್ಟವಾಗಿ ವಿವರಿಸಿದರು.

ಆದರೆ ಕ್ರಿಯಾ ಯೋಜನೆಯ ಕರಡು ಯಾರ ಕೈಗೂ ಮುಂಚಿತವಾಗಿ ಸಿಗಲಿಲ್ಲ. ಅಂದಾಜು ವೆಚ್ಚದ ಪಟ್ಟಿ ಪರದೆಯ ಮೇಲೆ ಬಂದು, ಓದಿ ಮುಗಿಸುವ ಮೊದಲೇ ಸರಿದುಹೋಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯಿರುವ ಊರುಗಳಿಗಷ್ಟೇ ವಾರ್ಡ್ ಮಟ್ಟದ ಕೆಲಸಗಳನ್ನು ನೋಡಿಕೊಳ್ಳುವ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದರಿಂದ, ನಮ್ಮಂತಹ ಸಣ್ಣ ಊರಿನವರಿಗೆ ಈ ಸಭೆಯ ಮಹತ್ವ ಇನ್ನಷ್ಟು ಹೆಚ್ಚು. ಹೊಸ ಚರಂಡಿಯ ಹೂಳನ್ನು ಮುಂದೆ ಯಾರು, ಯಾವ ಹಣದಿಂದ ತೆಗೆಸುತ್ತಾರೆ ಎಂಬ ನನ್ನ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಉತ್ತರ ಇನ್ನೂ ಬಂದಿಲ್ಲ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ.