ಯಾವ ಬ್ಲಾಕ್ ಯಾವ ರೈಲಿಗೆ? ಪ್ಲಾನಿಂಗ್ ಸಾಫ್ಟ್‌ವೇರ್ ಜೊತೆ ಮೂರು ವರ್ಷ

ಮೂರು ವರ್ಷದಿಂದ ನಮ್ಮ ಗೂಡ್ಸ್ ರೈಲುಗಳ ಪ್ಲಾನ್ ಈ ಸಾಫ್ಟ್‌ವೇರ್‌ನಲ್ಲೇ ಆಗುತ್ತಿದೆ. ಅದಕ್ಕೂ ಮೊದಲು ಎಕ್ಸೆಲ್, ಫೋನು ಮತ್ತು ಹಳಬರ ನೆನಪು ಇಷ್ಟರಲ್ಲೇ ಕೆಲಸ ನಡೆಯುತ್ತಿತ್ತು.

ಕೇಳಲು ಸುಲಭದ ಕೆಲಸ. ಒಂದೇ ಕಡೆ ಹೋಗುವ ವ್ಯಾಗನ್‌ಗಳ ಗುಂಪಿಗೆ ಬ್ಲಾಕ್ ಅನ್ನುತ್ತೇವೆ. ಯಾವ ಬ್ಲಾಕ್ ಯಾವ ರೈಲಿಗೆ, ನಡುವೆ ಎಲ್ಲಿ ರೈಲು ಬದಲಿಸಬೇಕು, ಇಷ್ಟು ಹೇಳಿದರೆ ಮುಗಿಯಿತು. ಆದರೆ 40 ಬ್ಲಾಕ್‌ಗಳಿದ್ದು, ಒಂದೊಂದಕ್ಕೂ 5 ದಾರಿ ಇದ್ದರೆ ಒಟ್ಟು ಜೋಡಣೆಗಳು 28 ಅಂಕಿಯ ಸಂಖ್ಯೆ! ಜೊತೆಗೆ ರೈಲಿನ ಉದ್ದ, ಲೋಕೋ ಎಳೆಯಬಲ್ಲ ತೂಕ, ತಲುಪಬೇಕಾದ ಗಡುವು. ಸಾಫ್ಟ್‌ವೇರ್ ಬಳಸುವುದು ಬ್ರಾಂಚ್ ಅಂಡ್ ಬೌಂಡ್ ಅನ್ನುವ ವಿಧಾನ. ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡಾಯ್ಗ್ 1960ರಲ್ಲೇ ಪ್ರಕಟಿಸಿದ್ದು. ಕೈಯಲ್ಲಿರುವ ಪ್ಲಾನ್‌ಗಿಂತ ಚೆನ್ನಾಗಿರಲು ಸಾಧ್ಯವೇ ಇಲ್ಲದ ಕವಲುಗಳನ್ನು ಒಳಹೊಕ್ಕು ನೋಡದೆ ಕತ್ತರಿಸಿ ಹಾಕುತ್ತದೆ.

ಪರದೆಯ ಮೂಲೆಯಲ್ಲಿ ಗ್ಯಾಪ್ ಅಂತ ಒಂದು ಅಂಕಿ ಓಡುತ್ತಿರುತ್ತದೆ. ಕೈಯಲ್ಲಿರುವ ಪ್ಲಾನ್ ಇನ್ನೂ ಹೆಚ್ಚೆಂದರೆ ಎಷ್ಟು ಸುಧಾರಿಸಬಹುದು ಅನ್ನುವ ಲೆಕ್ಕ ಅದು. ಮೊದಮೊದಲು ಅದು ಸೊನ್ನೆ ಆಗುವವರೆಗೂ ಕಾಯುತ್ತಿದ್ದೆ. ಸುಮ್ನೆ ಟೈಮ್ ವೇಸ್ಟ್. ನಾವು ಕೊಡುವ ತೂಕಗಳೇ ಅರ್ಧ ಅಂದಾಜು, ಅಲ್ವಾ? ಈಗ 2% ಬಂದರೆ ನಿಲ್ಲಿಸಿಬಿಡುತ್ತೇನೆ.

ಶುರುವಿನಲ್ಲಿ ರೈಲು ಜೋಡಿಸುವ ಯಾರ್ಡ್‌ನವರಿಂದ ಚೆನ್ನಾಗಿ ಬೈಸಿಕೊಂಡೆವು. ಸಾಫ್ಟ್‌ವೇರ್‌ಗೆ ಉದ್ದ ಮತ್ತು ತೂಕ ಹೇಳಿಕೊಟ್ಟಿದ್ದೆವು, ಬ್ಲಾಕ್‌ಗಳು ನಿಲ್ಲುವ ಕ್ರಮ ಹೇಳಿರಲಿಲ್ಲ. ದಾರಿಯಲ್ಲಿ ಮೊದಲು ಬಿಡಬೇಕಾದ ಬ್ಲಾಕ್ ರೈಲಿನ ನಟ್ಟನಡುವೆ ಬಂದು ಕೂತಿತ್ತು. ಅದನ್ನು ತೆಗೆಯಲು ರೈಲನ್ನು ಬಿಡಿಸಬೇಕು, ಶಂಟಿಂಗ್ ಮಾಡಬೇಕು, ಮತ್ತೆ ಜೋಡಿಸಬೇಕು, ಬ್ರೇಕ್ ಪರೀಕ್ಷೆ ಮತ್ತೊಮ್ಮೆ. ಕಾಗದದ ಮೇಲೆ ಉಳಿದ ಸಮಯವೆಲ್ಲ ಅಲ್ಲೇ ಹೋಯಿತು. ತಪ್ಪು ಸಾಫ್ಟ್‌ವೇರ್‌ದಲ್ಲ, ನಮ್ಮದು. ಯಾರ್ಡ್‌ನ ಒಬ್ಬ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಯಮ ಬರೆದ ಮೇಲೆ ಸರಿಹೋಯಿತು. ಅವರು ಹೇಳಿದ ಅರ್ಧದಷ್ಟು ನಿಯಮಗಳು ಯಾವ ಕೈಪಿಡಿಯಲ್ಲೂ ಇರಲಿಲ್ಲ.

ಇನ್ನೊಂದು ತಲೆನೋವು ಮಾತ್ರ ಸಾಫ್ಟ್‌ವೇರ್‌ನದ್ದೇ. ಒಂದು ವ್ಯಾಗನ್ ಒಂದು ಗಂಟೆ ತಡ ಅಂತ ಪ್ಲಾನ್ ಮತ್ತೆ ಮಾಡಿಸಿದರೆ, ಅದಕ್ಕೆ ಸಂಬಂಧವೇ ಇಲ್ಲದ ಹತ್ತಾರು ಬ್ಲಾಕ್‌ಗಳ ರೈಲು ಬದಲಾಗಿರುತ್ತಿತ್ತು. ಖರ್ಚಿನಲ್ಲಿ ಉಳಿಯುವುದು ಚಿಲ್ಲರೆ. ಅಷ್ಟರಲ್ಲಿ ಯಾರ್ಡ್‌ನಲ್ಲಿ ರೈಲು ಅರ್ಧ ಜೋಡಿಸಿ ಆಗಿರುತ್ತದೆ! ಹಳೆ ಪ್ಲಾನ್‌ನಿಂದ ದೂರ ಸರಿದರೆ ಲೆಕ್ಕದಲ್ಲಿ ಖರ್ಚು ಹೆಚ್ಚಿಸಿ ದಂಡ ಹಾಕುವ ಸೆಟ್ಟಿಂಗ್ ಇದೆ. ಆದರೆ ಅದು ಎಲ್ಲೋ ಒಳಗೆ ಅಡಗಿದೆ, ಮೊದಲಿನಿಂದ ಸೊನ್ನೆಗೇ ಇಟ್ಟಿರುತ್ತಾರೆ. ಏಳು ತಿಂಗಳ ಮೇಲೆ ಸಿಕ್ಕಿತು. ಈಗ ದಂಡ ಜಾಸ್ತಿ ಮಾಡಿದ್ದೇವೆ. ಮುಂದಿನ ಆರು ಗಂಟೆಯ ಪ್ಲಾನ್ ಮುಟ್ಟದಂತೆ ಬೀಗವನ್ನೂ ಹಾಕಿದ್ದೇವೆ.

ಕಂಟೇನರ್ ಭಾಗ ಮಾತ್ರ ಮೊದಲ ದಿನದಿಂದಲೂ ಅಚ್ಚುಕಟ್ಟು. ಡಬಲ್ ಸ್ಟ್ಯಾಕ್‌ನಲ್ಲಿ, ಅಂದರೆ ಒಂದರ ಮೇಲೊಂದು ಕಂಟೇನರ್ ಇಡುವಾಗ, 20 ಅಡಿಯವು ಎರಡು ಕೆಳಗೆ, 40 ಅಡಿಯದು ಮೇಲೆ ಅನ್ನುವುದು ಅದಕ್ಕೆ ಗೊತ್ತು. ಖಾಲಿ ಜಾಗ ಬಿಟ್ಟರೆ ಗಾಳಿಯ ತಡೆ ಹೆಚ್ಚಿ ಇಂಧನ ಜಾಸ್ತಿ ಸುಡುತ್ತದೆ ಅನ್ನುವ ಲೆಕ್ಕವೂ ಇದೆ.

5ರಲ್ಲಿ 4 ಕೊಡುತ್ತೇನೆ. ಯಾರ್ಡ್‌ನಲ್ಲಿ ರೈಲು ಬದಲಿಸಲು ಬೇಕಾದ ಸಮಯವನ್ನು ಇದು ಇನ್ನೂ ಒಂದೇ ಅಂಕಿ ಅಂದುಕೊಂಡಿದೆ. ಯಾರ್ಡ್ ತುಂಬಿದ ದಿನ ಬೇರೆ, ಖಾಲಿ ದಿನ ಬೇರೆ. ಕೇಳಿದಾಗಲೆಲ್ಲ ಮುಂದಿನ ಆವೃತ್ತಿಯಲ್ಲಿ ಬರುತ್ತದೆ ಅನ್ನುತ್ತಾರೆ. ಎರಡು ಆವೃತ್ತಿ ಬಂದು ಹೋದವು.