ಗಬ್ಬದ ಗಿಡ್ಡ, ಕರು ವಾಪಸ್ ಖರೀದಿ ಅಂತ ಬಂದರೆ ದುಡ್ಡು ಕೊಡಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯವರು ದಯವಿಟ್ಟು ಪೂರ್ತಿ ಓದಿ. ಗಿಡ್ಡ ಅಂದರೆ ನಮ್ಮ ಮಲೆನಾಡಿನ ಕುಳ್ಳ ತಳಿಯ ದನ. ‘ಮಲೆನಾಡು ಗಿಡ್ಡ, ಎಲ್ಲಾ ಗಬ್ಬದ ಹಸು, ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಬಿಟ್ಟರೆ ಸಾಕು, ಮೇವಿನ ಖರ್ಚಿಲ್ಲ, ಹುಟ್ಟಿದ ಕರು ನಾವೇ ತೂಕಕ್ಕೆ ವಾಪಸ್ ತಗೊಳ್ತೀವಿ’ ಅಂತ ಒಬ್ಬ ದಲ್ಲಾಳಿ ತಿರುಗುತ್ತಿದ್ದಾನೆ. ಆರು ಹಸುವಿಗೆ ನನ್ನಿಂದ ಒಂದೂವರೆ ಲಕ್ಷ ಕಿತ್ತುಕೊಂಡ. ಒಂದೂ ಗಬ್ಬ ಇಲ್ಲ. ಕೆಲವು ಗಿಡ್ಡವೇ ಅಲ್ಲ.

ಅವನ ಮಾತು ಹೇಗಿತ್ತು ಕೇಳಿ. ಹೊರದೇಶದಲ್ಲಿ ಬರೀ ಹುಲ್ಲಿನ ಮೇಲೆ ದನ ಮೇಯಿಸಿ ಮಾಂಸಕ್ಕೆ ಮಾರುತ್ತಾರಲ್ಲ, ಆ ದೊಡ್ಡ ಹಿಂಡುಗಳ ವಿಡಿಯೋ ತೋರಿಸಿದ. ಅವರಿಗೆ ಹಿಂಡಿ ಖರ್ಚಿಲ್ಲ, ಕೊಟ್ಟಿಗೆ ಖರ್ಚಿಲ್ಲ, ನಮ್ಮ ಗಿಡ್ಡನೂ ಹಂಗೇ ಅಲ್ವಾ ಅಣ್ಣ ಅಂದ. ಗಿಡ್ಡ ಕಾಡಲ್ಲಿ ಮೇದುಕೊಂಡೇ ಬದುಕುವ ದನ, ಅದು ನಿಜ. ಆ ನಿಜದ ಮರೆಯಲ್ಲೇ ಉಳಿದ ಸುಳ್ಳೆಲ್ಲ ಸಾಗಿಸಿದ. ಅಲ್ಲಿಯ ಮಾಂಸದ ತಳಿ ಆಂಗಸ್ ಹಸು 500 ಕಿಲೋ ದಾಟುತ್ತದೆ. ನಮ್ಮ ಬೆಳೆದ ಗಿಡ್ಡ 100 ಕಿಲೋ ಆಸುಪಾಸು. ಇವನು ವರ್ಷದ ಕರುವೇ 150 ಕಿಲೋ ಬರುತ್ತೆ ಅಂತ ಕಾಗದದಲ್ಲಿ ಬರೆದುಕೊಟ್ಟಿದ್ದಾನೆ!

ಇನ್ನೊಂದು. ಅಲ್ಲಿಯವರಿಗೆ ದುಡ್ಡು ಬರುವುದೇ ಮಾಂಸದಿಂದ. ಇಲ್ಲಿ 2020ರ ಕಾಯ್ದೆ ಪ್ರಕಾರ ಹಸು, ಹೋರಿ, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಹಾಗಿದ್ದ ಮೇಲೆ ಗಂಡು ಕರುವನ್ನು ಕಿಲೋ ಲೆಕ್ಕದಲ್ಲಿ ಕೊಂಡು ಏನು ಮಾಡ್ತೀರಿ ಅಂತ ನಾನು ಕೇಳಿದ್ದೆ. ‘ಗೊಬ್ಬರ, ಗೋಮೂತ್ರದ ಕಂಪನಿ ಇದೆ, ಅದೆಲ್ಲ ನಮಗೆ ಬಿಡಿ ಅಣ್ಣ. ನೀವು ನಮ್ಮ ಮನೆಯವರ ಲೆಕ್ಕ’ ಅಂದ.

ಹಸು ಇಳಿಸಿದ್ದು ರಾತ್ರಿ, ಜೋರು ಮಳೆಯಲ್ಲಿ. ಬೇಕಂತಲೇ. ಬಾಕಿ ದುಡ್ಡು ಈಗಲೇ ಹಾಕಿ, ಇಲ್ಲದಿದ್ದರೆ ವಾಪಸ್ ಹತ್ತಿಸ್ತೀನಿ ಅಂತ ಗಾಡಿಯವನು ಅಂಗಳದಲ್ಲೇ ನಿಂತ. ನೆನೆದು ನಡುಗುವ ದನ ಎದುರಿಗಿದೆ, ಏನು ಮಾಡೋದು? ಹಾಕಿದೆ. ಬೆಳಿಗ್ಗೆ ನೋಡಿದರೆ ಎರಡಕ್ಕೆ ಗಿಡ್ಡಕ್ಕಿರುವ ಹಿಣಿಲೇ (ಬೆನ್ನಿನ ಡುಬ್ಬ) ಇಲ್ಲ. ಜರ್ಸಿ ಮಿಶ್ರ, ಮೇವಿಲ್ಲದೆ ಸೊರಗಿ ಕುಳ್ಳಾದದ್ದು. ಇನ್ನೊಂದರ ಕೊಂಬು ಮುಟ್ಟಿದರೆ ಗಾಜಿನ ಹಾಗೆ ನುಣುಪು. ಕರು ಹಾಕಿದ ಹಸುವಿನ ಕೊಂಬಿನ ಬುಡದಲ್ಲಿ ಬಳೆ ಮೂಡಿರುತ್ತಲ್ಲ, ವಯಸ್ಸು ಗೊತ್ತಾಗದಿರಲಿ ಅಂತ ಅದನ್ನೆಲ್ಲ ಅರದಿಂದ ಉಜ್ಜಿ ತೆಗೆದು ಎಣ್ಣೆ ಸವರಿದ್ದಾರೆ. ನನ್ನ ಕೈ ಮೂಸಿ ನೋಡಿದೆ, ಹರಳೆಣ್ಣೆ. ಬಾಯಿ ಬಿಡಿಸಿದರೆ ಹಲ್ಲೆಲ್ಲ ಸವೆದು ಮೊಂಡಾಗಿದೆ. ಇದನ್ನು ಎರಡನೇ ಕರುವಿನ ಹಸು ಅಂದಿದ್ದ.

ಪಶು ಆಸ್ಪತ್ರೆಯ ಡಾಕ್ಟರು ಬಂದರು. ಭುಜದ ತನಕ ಗ್ಲೌಸ್ ಹಾಕಿಕೊಂಡು ಒಂದೊಂದನ್ನೇ ನೋಡಿದರು. ಮೊದಲನೆಯದು ಖಾಲಿ. ಎರಡನೆಯದು ಖಾಲಿ. ಮೂರನೆಯದೂ. ಕೊನೆಯದಕ್ಕೆ ಅವರು ಏನೂ ಹೇಳಲೇ ಇಲ್ಲ, ಸುಮ್ನೆ ಗ್ಲೌಸ್ ಕಳಚಿದರು. ಅಕ್ಕಪಕ್ಕದ ಮನೆಯವರೆಲ್ಲ ನಿಂತು ನೋಡುತ್ತಿದ್ದರು. ಅವತ್ತು ನನಗಾದ ಅವಮಾನ ನನಗೇ ಗೊತ್ತು. ಆಮೇಲೆ ಒಂದರ ಕಿವಿಯೋಲೆಯ (ಇಲಾಖೆಯವರು ದನದ ಕಿವಿಗೆ ಹಾಕುವ ಗುರುತಿನ ಓಲೆ) 12 ಅಂಕಿಯನ್ನು ಡಾಕ್ಟರು ಮೊಬೈಲಿನಲ್ಲಿ ಹಾಕಿ ನನಗೇ ತೋರಿಸಿದರು. ಎಮ್ಮೆ ಅಂತ ಬಂತು. ಎಮ್ಮೆ! ಬೇರೆ ಜಿಲ್ಲೆಯ ಯಾರದ್ದೋ ಎಮ್ಮೆಯ ಓಲೆ ನನ್ನ ಕೊಟ್ಟಿಗೆಯ ಹಸುವಿನ ಕಿವಿಯಲ್ಲಿ.

ಫೋನ್ ಮಾಡಿದೆ. ಉತ್ತರ ನೋಡಿ. ‘ಗಾಡಿ ಕುಲುಕಿ ಗಬ್ಬ ಹೋಗಿರಬೇಕು ಅಣ್ಣ.’ ಆರೂ ಹಸುವಿನದ್ದಾ? ಒಂದು ತೊಟ್ಟು ರಕ್ತ ಇಲ್ಲದೆ? ‘ನಿಮ್ಮ ಡಾಕ್ಟರಿಗೆ ಗಿಡ್ಡ ನೋಡಿ ಅಭ್ಯಾಸ ಇಲ್ಲ.’ ಓಲೆ ಬಗ್ಗೆ ಕೇಳಿದರೆ ‘ಅದು ಇಲಾಖೆಯವರ ತಪ್ಪು.’ ದುಡ್ಡು ವಾಪಸ್ ಕೊಡು ಅಂದಾಗ ಧ್ವನಿಯೇ ಬದಲಾಯಿತು: ‘ನೋಡಿ ಇಳಿಸಿಕೊಂಡಿದ್ದು ನೀವೇ ತಾನೇ?’ ರಾತ್ರಿ ಮಳೆಯಲ್ಲಿ ಏನು ನೋಡೋದು! ಅವನೇ ಬರೆದುಕೊಟ್ಟ ಕಾಗದದ ಫೋಟೋ ಕಳಿಸಿದೆ. ‘ಆ ಸ್ಕೀಮು ಕಂಪನಿಯವರು ನಿಲ್ಲಿಸಿದ್ದಾರೆ’ ಅಂತ ಒಂದು ಸಾಲು ಬಂತು. ಆಮೇಲೆ ಬ್ಲಾಕ್.

ಜರ್ಸಿ ಮಿಶ್ರದ ಒಂದು ಹಸು ಉಣುಗು (ಉಣ್ಣೆ) ಕಚ್ಚಿ ಬರುವ ಜ್ವರದಿಂದ ಸತ್ತಿತು. ಗಿಡ್ಡ ಆಗಿದ್ದರೆ ತಡೆದುಕೊಳ್ಳುತ್ತಿತ್ತೇನೋ. ಅಕ್ಕಚ್ಚು ಮುಂದಿಟ್ಟರೆ ಮೂಸಿಯೂ ನೋಡಲಿಲ್ಲ. ಅದೇನು ಪಾಪ ಮಾಡಿತ್ತು ಹೇಳಿ? ಉಳಿದವಕ್ಕೆ ಹಿಂಡಿ, ಔಷಧಿ ಅಂತ ಖರ್ಚು ಜಾಸ್ತಿಯಾಗುತ್ತಲೇ ಇದೆ.

ಗಿಡ್ಡ ಬೇಕಿದ್ದರೆ ಪಕ್ಕದ ಊರಿನ ಕೊಟ್ಟಿಗೆಗೇ ಹೋಗಿ, ಹಗಲು ಹೊತ್ತಲ್ಲಿ. ಡಾಕ್ಟರಿಂದ ಗಬ್ಬ ನೋಡಿಸದೆ, ಓಲೆ ನಂಬರ್ ಹಾಕಿಸಿ ನೋಡದೆ ಒಂದು ರೂಪಾಯಿ ಮುಂಗಡ ಕೊಡಬೇಡಿ. ವಾಪಸ್ ಖರೀದಿ ಅಂದವನನ್ನು ಅಂಗಳಕ್ಕೇ ಸೇರಿಸಬೇಡಿ. ನಾನು ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಅವನು ಮಾತ್ರ ಹೊಸ ನಂಬರಿನಿಂದ ಸೊರಬ, ಸಾಗರ ಕಡೆಯ ಗುಂಪುಗಳಲ್ಲಿ ಅದೇ ಮಾರಾಟದ ವಿಡಿಯೋ ಮತ್ತೆ ಹಾಕುತ್ತಿದ್ದಾನೆ. ಕರಿ ಹಸು, ಹಣೆಯಲ್ಲಿ ಬಿಳಿ ಚುಕ್ಕೆ, ಹಿಂದೆ ಅಡಿಕೆ ತೋಟದ ಬೇಲಿ. ಆ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿದ್ದರೆ ಕೆಳಗೆ ತಿಳಿಸಿ, ದೂರಿನ ಜೊತೆ ಸೇರಿಸುತ್ತೇನೆ.