ಮೆಕ್ಸಿಕೋ, ಪೆರು ಕಲಿಸೋಕೆ ವಿಡಿಯೋನಾ, ಇಸವಿ ಪಟ್ಟಿನಾ, ಊಟದ ಡಬ್ಬಿನಾ?

ರಾಯಚೂರಲ್ಲಿ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಭಾನುವಾರ ಪಾಠ ಹೇಳುತ್ತೇನೆ. ಈ ಬೇಸಿಗೆಯಲ್ಲಿ ಪರೀಕ್ಷೆಗೆ ಸಂಬಂಧವೇ ಇಲ್ಲದ ವಿಷಯ ಹಿಡಿದೆ: ಮೆಕ್ಸಿಕೋ, ಪೆರು ಕಡೆಯ ಹಳೆಯ ಜನ, ಅವರ ಬದುಕು. ಹೇಗೆ ಹೇಳಿದರೆ ತಲೆಗೆ ಹೋಗುತ್ತೆ ಅಂತ ಗೊತ್ತಿರಲಿಲ್ಲ, ಅದಕ್ಕೆ ಒಂದೊಂದು ವಾರ ಒಂದೊಂದು ದಾರಿ ನೋಡಿದೆ.

ಮೊದಲು ವಿಡಿಯೋ. ನಿಜ ಹೇಳಬೇಕಂದ್ರೆ ನನಗೆ ಸುಲಭ ಅಂತ. ಪೆರುವಿನ ಇಂಕಾ ಜನ ಕಟ್ಟಿದ ಹಳೆಯ ಊರು ಮಾಚು ಪಿಚು, ಆ ಬೆಟ್ಟದ ಮೇಲೆ ಮಂಜು ಹರಿಯೋದು ನೋಡಿ ಎಲ್ಲರೂ ಬಾಯಿ ಬಿಟ್ಟರು. ಹತ್ತು ನಿಮಿಷಕ್ಕೆ ಹಿಂದಿನ ಬೆಂಚು ನಿದ್ದೆಗೆ ಜಾರಿತ್ತು (ಮೇ ತಿಂಗಳು, ಕತ್ತಲೆ ಕೋಣೆ, ತಪ್ಪು ಅವರದಲ್ಲ). ಮುಂದಿನ ವಾರ ಕೇಳಿದರೆ ಉಳಿದಿದ್ದು ಲಾಮಾ ಒಂದೇ. ಅದೂ "ಕುರಿ ಇದ್ದಂಗ ಇತ್ತಲ್ರಿ ಸರ".

ಇಸವಿ ಪಟ್ಟಿ ಸಪ್ಪೆ ಆಗುತ್ತೆ ಅಂದುಕೊಂಡಿದ್ದೆ. ಆದರೆ ಪಕ್ಕದಲ್ಲೇ ರಾಯಚೂರಿನ ಸಾಲು ಬರೆದಾಗ ಕಥೆ ಬದಲಾಯಿತು. 1520ರ ಮೇನಲ್ಲಿ ಕೃಷ್ಣದೇವರಾಯ ನಮ್ಮ ಕೋಟೆಗಾಗಿ ಇಸ್ಮಾಯಿಲ್ ಆದಿಲ್ ಶಾಹನ ಜೊತೆ ಯುದ್ಧ ಮಾಡಿದ. 1521ರ ಆಗಸ್ಟಿನಲ್ಲಿ ಕೊರ್ಟೆಸ್‌ನ ಸ್ಪೇನ್ ಪಡೆ ಮೆಕ್ಸಿಕೋದ ಅಜ್ಟೆಕ್ ಜನರ ರಾಜಧಾನಿ ಟೆನೊಚ್ಟಿಟ್ಲಾನ್ ಹಿಡಿಯಿತು. ರಾಯಚೂರಿನಲ್ಲೂ ಪೋರ್ಚುಗೀಸ್ ಬಂದೂಕಿನವರು ರಾಯನ ಕಡೆ ಇದ್ದರು ಅಂದ ತಕ್ಷಣ ಒಬ್ಬ ಎದ್ದು ನಿಂತ: "ಇಲ್ಲಿ ಸುಮ್ನ ಸಹಾಯ ಮಾಡಿದ್ರು, ಅಲ್ಲಿ ಮಾತ್ರ ರಾಜ್ಯಾನ ಯಾಕ ಹೊಡಕೊಂಡ್ರಿ?" ಪಾಠ ಅಂದ್ರೆ ಇದು! ಸ್ಪೇನಿನವರ ಜೊತೆ ಅಲ್ಲಿಗೆ ಹೋದ ಸಿಡುಬಿನ ವಿಷಯವೂ ಆಗಲೇ ಬಂತು. ಅಲ್ಲಿನವರು ಆ ರೋಗವನ್ನು ಹಿಂದೆ ಕಂಡೇ ಇರಲಿಲ್ಲ, ತಡೆಯೋ ಶಕ್ತಿ ಮೈಯಲ್ಲಿರಲಿಲ್ಲ. ಜೊತೆಗೆ ಅಜ್ಟೆಕರ ಮೇಲೆ ಸಿಟ್ಟಿದ್ದ ತ್ಲಾಸ್ಕಲಾದ ಜನ ಸಾವಿರಗಟ್ಟಲೆ ಕೊರ್ಟೆಸ್ ಜೊತೆ ಸೇರಿದ್ದರು.

ಊಟದ ಡಬ್ಬಿ ಮಾತ್ರ ಎಲ್ಲಕ್ಕಿಂತ ಜೋರು. ಡಬ್ಬಿ ತೆಗೀರಿ, ಆ ಕಡೆಯಿಂದ ಬಂದದ್ದನ್ನೆಲ್ಲ ಪಕ್ಕಕ್ಕಿಡಿ ಅಂದೆ. ಶೇಂಗಾ ಚಟ್ನಿ ಹೋಯ್ತು, ಆಲೂಗಡ್ಡೆ ಪಲ್ಯ ಹೋಯ್ತು, ಟೊಮೆಟೊ ಹೋಯ್ತು. ಮೆಣಸಿನಕಾಯಿನೂ ಅಲ್ಲಿಂದ್ಲೇ ಅಂದಾಗ ಯಾರೂ ನಂಬಲಿಲ್ಲ. ಉಳಿದಿದ್ದು ಜೋಳದ ರೊಟ್ಟಿ, ಉಳ್ಳಾಗಡ್ಡಿ. ಅಲ್ಲಿಂದ ಮೆಕ್ಕೆಜೋಳಕ್ಕೆ ಹೋದೆ. ಮೆಕ್ಸಿಕೋದವರು ಅದನ್ನು ಸುಣ್ಣದ ನೀರಲ್ಲಿ ಬೇಯಿಸಿ, ರುಬ್ಬಿ, ರೊಟ್ಟಿ ತಟ್ಟುತ್ತಾರೆ. ಸುಣ್ಣ ಯಾಕೆ? ಕಾಳಿನಲ್ಲಿ ಸಿಕ್ಕಿಹಾಕಿಕೊಂಡಿರೋ ನಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತಲಿ ಅಂತ. ಯುರೋಪಿನವರು ಕಾಳು ಒಯ್ದರು, ಸುಣ್ಣ ಅಲ್ಲೇ ಬಿಟ್ಟರು. ಬರೀ ಅದನ್ನೇ ತಿಂದು ಬದುಕಿದ ಬಡವರಿಗೆ ಪೆಲ್ಲಾಗ್ರ ರೋಗ ಬಂತು. ಇದನ್ನು ಮಕ್ಕಳು ಮನೆಗೆ ಹೋಗಿ ಅಮ್ಮಂದಿರಿಗೆಲ್ಲ ಹೇಳಿದ್ದಾರೆ.

ದಾರಕ್ಕೆ ಗಂಟು ಹಾಕೋದೂ ಮಾಡಿಸಿದೆ. ಇಂಕಾ ಜನ ಕಿಪು ಅನ್ನೋ ದಾರಗಳಲ್ಲಿ ಲೆಕ್ಕ ಇಡುತ್ತಿದ್ದರು, ಹತ್ತಿ ದಾರದ ಕಿಪುಗಳೂ ಇವೆ. ಹತ್ತಿ ಅಂದ್ರೆ ರಾಯಚೂರಿನ ಮಕ್ಕಳಿಗೆ ಹೇಳಬೇಕಾ? ಒಬ್ಬಳು ಅಪ್ಪ ಮಾರಿದ 14 ಕ್ವಿಂಟಲ್ ಹತ್ತಿಯನ್ನು ದಾರಕ್ಕಿಳಿಸಿದಳು: ಮೇಲೆ ಹತ್ತಕ್ಕೆ ಒಂದು ಗಂಟು, ಕೆಳಗೆ ಬಿಡಿ ನಾಲ್ಕಕ್ಕೆ ನಾಲ್ಕು ಸುತ್ತಿನ ಉದ್ದ ಗಂಟು. ದೊಡ್ಡ ಹುಡುಗರು ಮಾತ್ರ ಚಿಕ್ಕ ಮಕ್ಕಳ ಆಟ ಅಂತ ಮೂಗು ಮುರಿದರು.

ಡಬ್ಬಿಯ ದಾರಿಗೂ ಒಂದು ಕೊರತೆ ಇದೆ. ತಿನ್ನೋ ಖುಷಿಯಲ್ಲಿ ಲೂಟಿ ಮರೆತುಹೋಗುತ್ತೆ. ಈಗಿನ ಬೊಲಿವಿಯಾದ ಪೊಟೊಸಿ ಬೆಳ್ಳಿ ಗಣಿಯಲ್ಲಿ ಸ್ಪೇನಿನವರು ಅಲ್ಲಿನ ಜನರಿಂದ ಮಾಡಿಸಿದ ಬಲವಂತದ ದುಡಿಮೆ ಹೇಳೋಕೆ ನಾನು ಮತ್ತೆ ಇಸವಿ ಪಟ್ಟಿಗೇ ಬಂದೆ. ಇನ್ನು ಮುಂದೆ ಡಬ್ಬಿ ಮೊದಲು, ಪಟ್ಟಿ ಆಮೇಲೆ, ವಿಡಿಯೋ ಐದೇ ನಿಮಿಷ.

ಕೊನೆ ದಿನ ಒಬ್ಬ ಕೇಳಿದ: "ಹಂಗಾದ್ರ 1520ರ ಯುದ್ಧದಾಗ ಸೈನಿಕರು ರೊಟ್ಟಿಗೆ ಏನ್ ಹಚ್ಕೊಂಡು ತಿಂದ್ರಿ ಸರ?" ಮರುವಾರ ಒಬ್ಬಳು ಅಜ್ಜಿ ಕೈಲಿ ಮಾಡಿಸಿ ಗುರೆಳ್ಳು ಪುಡಿ ತಂದಳು, ಮೆಣಸಿನಕಾಯಿ ಬದಲು ಕಾಳುಮೆಣಸು ಹಾಕಿ. ಚೆನ್ನಾಗಿಯೇ ಇತ್ತು. ತಿಂದು ಮುಗಿಸಿ ಎಲ್ಲರೂ ಮಿರ್ಚಿ ಬಂಡಿ ಕಡೆ ಓಡಿದರು.